ಬಾಗಿಲಲ್ಲಿ ಊದದ ಶಂಖ

ನನ್ನ ಹೆಂಡತಿ ಪಾಕ್ಯಂ ಹೋದ ಸುದ್ದಿ ಬಂದ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಗ್ರೈಂಡರ್ ದೋಸೆಹಿಟ್ಟು ರುಬ್ಬುತ್ತಿತ್ತು. ಸೊಸೆ ತವಮಣಿ ಗ್ರೈಂಡರಿಗೆ ನೀರು ಹಾಕುತ್ತಿದ್ದಳು. ನಾನು ಸ್ನಾನ ಮುಗಿಸಿ ದೇವರ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ರೇಡಿಯೋದಲ್ಲಿ ಮೊಮ್ಮಗಳು ಯಾಳಿನಿ ಕ್ವಾಲಾಲಂಪುರದ ಯಾವ ರಸ್ತೆಯಲ್ಲಿ ವಾಹನಗಳು ನಿಂತಿವೆ, ಯಾವುದು ಖಾಲಿ ಇದೆ ಎಂದು ಮಲಯ ಭಾಷೆಯಲ್ಲಿ ಹೇಳುತ್ತಿದ್ದಳು. ಆಗ ಆಸ್ಪತ್ರೆಯಿಂದ ಮಗ ಗುಣಸೀಲನ್ ಫೋನ್ ಮಾಡಿದ.

"ಅಪ್ಪ, ಅಮ್ಮ ಹೋಗ್ಬಿಟ್ರು" ಎಂದ.

ತವಮಣಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಗ್ರೈಂಡರ್ ನಿಲ್ಲಿಸುವುದನ್ನು ಇಬ್ಬರೂ ಮರೆತೆವು. ಹಿಟ್ಟು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ರೇಡಿಯೋದಲ್ಲಿ ಯಾಳಿನಿ ನಗುನಗುತ್ತ ಯಾರೋ ಕೇಳುಗನ ಹುಟ್ಟುಹಬ್ಬಕ್ಕೆ ಶುಭ ಕೋರುತ್ತಿದ್ದಳು. ಅವಳ ಅಜ್ಜಿ ಇನ್ನಿಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲ. ಕಾರ್ಯಕ್ರಮ ಮುಗಿಯುವವರೆಗೆ ಹೇಳುವಂತೆಯೂ ಇಲ್ಲ.

"ಆಫ್ ಮಾಡ್ಲಾ ಮಾವ?" ಎಂದು ತವಮಣಿ ಕೇಳಿದಳು.

"ಬೇಡಮ್ಮ. ಮಾತಾಡ್ಲಿ" ಎಂದೆ.

ರೇಡಿಯೋದಲ್ಲಿ ಅವಳ ಹೆಸರು ಲೀನಾ. ಯಾಳಿನಿ ಎಂದರೆ ಜನರಿಗೆ ನಾಲಗೆ ಹೊರಳುವುದಿಲ್ಲ ಎಂದು ಅಲ್ಲಿನವರು ಹೆಸರಿನ ಬಾಲವನ್ನಷ್ಟೇ ಇಟ್ಟುಕೊಂಡು ಸ್ವಲ್ಪ ಎಳೆದಿದ್ದರು. ಲೀನಾ ಮಲಯದವಳೋ, ಚೀನೀಯಳೋ, ನಮ್ಮವಳೋ ಯಾರಿಗೂ ತಿಳಿಯುತ್ತಿರಲಿಲ್ಲ. ಆ ದನಿ ಮಾತ್ರ ದೇಶಕ್ಕೆಲ್ಲ ಗೊತ್ತು.

ಮಧ್ಯಾಹ್ನ ಪಾಕ್ಯಂಳನ್ನು ಮನೆಗೆ ತಂದೆವು. ಸೆರೆಂಬಾನಿನ ಈ ಬಡಾವಣೆಗೆ ಗೋಡೆ ಇದೆ, ಗೇಟು ಇದೆ, ಗೇಟಿನಲ್ಲಿ ತಿಲಕ್ ಎಂಬ ನೇಪಾಳದ ಕಾವಲುಗಾರನಿದ್ದಾನೆ. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ನಾನು ದುಡಿದದ್ದು ಬೇರೆ ಊರಿನಲ್ಲಿ. ನಿವೃತ್ತಿಯ ಮೇಲೆ ಮಗನ ಜೊತೆ ಇಲ್ಲಿಗೆ ಬಂದೆವು. ಈ ಗೇಟು ಪಾಕ್ಯಂಗೆ ಒಂದು ದಿನವೂ ಹಿಡಿಸಲಿಲ್ಲ. "ಹೊರಗಿನೋರಿಂದ ನಮ್ಮನ್ನ ಕಾಯ್ತಾರೋ, ನಾವು ಹೊರಗೆ ಹೋಗದ ಹಾಗೆ ಕಾಯ್ತಾರೋ?" ಎಂದು ತಿಲಕ್‌ನನ್ನೇ ಕೇಳುತ್ತಿದ್ದಳು. ಅವನು ನಗುತ್ತಿದ್ದ.

ಮರುದಿನ ಹೆಣ ಎತ್ತುವ ಹೊತ್ತಾಯಿತು. ತಮಟೆಯವರು ಬಂದಿರಲಿಲ್ಲ. ಶಂಖ ಊದುವವನೂ ಇರಲಿಲ್ಲ. ತಾನು ಹೊಸ್ತಿಲು ದಾಟುವಾಗ ಶಂಖ ಊದಿಸಬೇಕು ಎಂದು ಪಾಕ್ಯಂ ಆಸ್ಪತ್ರೆಗೆ ಹೋಗುವ ಮೊದಲೇ ಹೇಳಿದ್ದಳು. ಅವಳು ನನ್ನಲ್ಲಿ ಬೇರೆ ಏನನ್ನೂ ಕೇಳಿರಲಿಲ್ಲ. ಅವರನ್ನು ಕರೆಸುವುದನ್ನು ಮಗನಿಗೆ ಬಿಟ್ಟಿದ್ದೆ.

"ಗುಣ, ಶಂಖದವರು ಎಲ್ಲಪ್ಪ?"

ಗುಣಸೀಲನ್ ಫೋನ್ ಹಿಡಿದು ಬೀದಿಯ ತುದಿ ನೋಡುತ್ತಿದ್ದ. "ಗೇಟಲ್ಲಿ ನಿಲ್ಸಿದಾರೆ ಅಪ್ಪ. ಒಳಗೆ ಬಿಡಲ್ವಂತೆ."

"ಯಾಕೆ?"

"ಬಡಾವಣೆ ನಿಯಮ ಅಪ್ಪ. ಸಾವಿನ ಮನೇಲಿ ತಮಟೆ, ಶಂಖ ಇಲ್ಲ ಅಂತ. ಈಗ ಗಲಾಟೆ ಬೇಡ. ಅಮ್ಮನ್ನ ಶಾಂತಿಯಿಂದ ಕಳಿಸೋಣ."

"ನೀನು ಸಮಿತೀಲಿ ಇದ್ದೀಯಲ್ಲ. ಹೋಗಿ ಹೇಳು."

"ಹೇಳೋಕಾಗಲ್ಲ ಅಪ್ಪ" ಎಂದ. ನನ್ನ ಕಣ್ಣು ನೋಡಲಿಲ್ಲ.

ಸದ್ದಿಲ್ಲದೆ ಎತ್ತಿದೆವು. ಸದ್ದಿಲ್ಲದೆ ಹೊಸ್ತಿಲು ದಾಟಿಸಿದೆವು. ಮದುವೆಯಾದ ದಿನದಿಂದ ಒಂದು ಗಳಿಗೆ ಸುಮ್ಮನಿರದ ಹೆಂಗಸು ಕಳ್ಳಸಾಮಾನಿನ ಹಾಗೆ ಮನೆಯಿಂದ ಹೊರಬಿದ್ದಳು. ಶವದ ಗಾಡಿ ಗೇಟು ದಾಟಿ ದೊಡ್ಡ ರಸ್ತೆಗೆ ಬಂದಾಗ ಅಲ್ಲಿ ನಾಲ್ಕೈದು ಜನ ಬಿಸಿಲಲ್ಲಿ ನಿಂತಿದ್ದರು. ಉರುಮಿ, ತಮಟೆ ಒಮ್ಮೆಗೇ ಎದ್ದವು. ಮುಂದೆ ನಿಂತವನು ಲೆಚುಮನನ್. ನಮ್ಮ ಬೀದಿಯ ಮೂಲೆಮನೆಯಲ್ಲಿ ಮೊದಲು ಬಾಡಿಗೆಗಿದ್ದ ಲಾರಿ ಡ್ರೈವರ್. ಕಂಕುಳಲ್ಲಿ ಶಂಖವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದ. ಅದನ್ನು ಬಿಚ್ಚಲಿಲ್ಲ. ಅದು ಮನೆಬಾಗಿಲಲ್ಲಿ ಊದಬೇಕಾದದ್ದು, ಟೋಲ್ ರಸ್ತೆಯ ಪಕ್ಕದಲ್ಲಲ್ಲ.

ಹದಿನಾರನೇ ದಿನದ ಕರ್ಮ ಆಗುವವರೆಗೆ ಪಾಕ್ಯಂ ಮಲಗಿದ್ದ ಜಾಗದಲ್ಲಿ ದೀಪ ಆರಬಾರದು. ಮನೆಯಲ್ಲಿ ಒಲೆ ಹಚ್ಚದ ಆ ಮೊದಲ ದಿನಗಳಲ್ಲಿ ನೆರೆಯವರೇ ಊಟ ತಂದುಕೊಟ್ಟರು. ಎದುರುಮನೆಯ ರೊಹಾಯಾ ಅನ್ನ, ಮೀನಿನ ಗೊಜ್ಜು ತಂದಳು. ಆಮೇಲೆ ಸೂತಕದಲ್ಲಿ ನಾವು ಮೀನು ತಿನ್ನುವುದಿಲ್ಲ ಎಂದು ನೆನಪಾಗಿ ಓಡಿಹೋಗಿ ಬದನೆಕಾಯಿ ತಂದಳು. ಸಮಿತಿಯ ಅಧ್ಯಕ್ಷ ಖೂ ಅವರ ಹೆಂಡತಿ ದೊಡ್ಡ ಪಾತ್ರೆಯ ತುಂಬ ತರಕಾರಿ ಹಾಕಿದ ಮೀಹೂನ್ ಶಾವಿಗೆ ಕಳಿಸಿದಳು. ಇವರಲ್ಲಿ ಯಾರನ್ನು ಕೆಟ್ಟವರೆನ್ನಲಿ? ಗೇಟು ಮುಚ್ಚಿದ ಕೈ, ಶಾವಿಗೆ ಕಳಿಸಿದ ಕೈ ಒಂದೇ ಮನೆಯವು.

ಆ ಶಾವಿಗೆ ತಿನ್ನುತ್ತಲೇ ಮೊದಲ ಜಗಳ ಆಯಿತು.

"ಖೂ ಅಂಕಲ್ ತಾಯಿ ಹೋದಾಗ ಮೂರು ದಿನ ಜಾಗಟೆ ಬಾರ್ಸಿದ್ರು" ಎಂದಳು ಯಾಳಿನಿ. "ನಿದ್ದೆ ಇರ್ಲಿಲ್ಲ. ಯಾರಾದ್ರೂ ಕೇಳಿದ್ರಾ?"

"ಅದು ಮಂತ್ರ. ಪೂಜೆ" ಎಂದ ಗುಣಸೀಲನ್.

"ನಮ್ದು?"

"ನಮ್ದೂ ಪೂಜೆನೇ. ಆದ್ರೆ ಕುಣೀತಾರೆ, ಕುಡೀತಾರೆ. ಜನ ಏನಂದ್ಕೋತಾರೆ?"

"ಅಜ್ಜಿ ಹೆಣದ ಮುಂದೆ ಯಾರು ಕುಡಿದು ಕುಣೀತಿದ್ರು ಅಪ್ಪ? ತಾತಾನಾ?"

"ಬಾಯಿ ಮುಚ್ಚಿ ತಿನ್ನೇ."

"ಇದಕ್ಕೆ ಜನಾಂಗಭೇದ ಅಂತಾರೆ ಅಪ್ಪ. ಇನ್ನೇನೂ ಅನ್ನಲ್ಲ."

"ಎಲ್ಲದಕ್ಕೂ ಒಂದು ದೊಡ್ಡ ಹೆಸರು! ನಾಳೆ ಇದೇ ಬೀದೀಲಿ ಬದುಕ್ಬೇಕು ನಾವು."

ತವಮಣಿ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಅಪ್ಪ ಮಗಳು ಇಬ್ರೂ ಕೇಳಿ. ಈ ಪಾತ್ರೆ ತೊಳೆದು ವಾಪಸ್ ಕೊಡೋಳು ನಾನು. ಖೂ ಹೆಂಡ್ತಿ ಮುಖ ನೋಡಿ ಥ್ಯಾಂಕ್ಯೂ ಹೇಳೋಳು ನಾನು. ನೀವು ಇಲ್ಲಿ ಕೂತು ಭಾಷಣ ಮಾಡಿ." ಆಮೇಲೆ ಮಗಳ ಕಡೆ ತಿರುಗಿದಳು. "ಅಮೆರಿಕದಲ್ಲಿ ಯಾರಿಗೋ ಅನ್ಯಾಯ ಆದಾಗ ರೇಡಿಯೋಲಿ ಗಂಟಲು ಕಟ್ಟಿಸ್ಕೊಂಡು ಮಾತಾಡಿದ್ದೆ. ಊರೆಲ್ಲ ಹೊಗಳಿತ್ತು. ಈಗ ನಿಮ್ಮಜ್ಜಿಗೆ ಆಗಿದೆ. ನಾಳೆ ಹೋಗಿ ಹೈವೇ ಜಾಮ್ ಓದು."

ಯಾಳಿನಿ ತಟ್ಟೆಯಲ್ಲೇ ಕೈ ತೊಳೆದು ಎದ್ದಳು.

ಎಂಟನೇ ದಿನದ ಪೂಜೆ ಮುಗಿಸಿ ಅವಳು ಕೆಲಸಕ್ಕೆ ಹೋದಳು. ಮರುದಿನ ಬೆಳಿಗ್ಗೆ ನಾನು ದೀಪಕ್ಕೆ ಎಣ್ಣೆ ಹಾಕುತ್ತಿರುವಾಗ ರೇಡಿಯೋದಲ್ಲಿ ಅವಳ ದನಿ ಬದಲಾಯಿತು. ಲೀನಾಳ ದನಿ ಅಲ್ಲ ಅದು. ಮನೆಯಲ್ಲಿ ಜಗಳಾಡುವವಳ ದನಿ.

"ನನ್ನ ಅಜ್ಜಿ ತೀರಿಕೊಂಡರು" ಎಂದಳು. "ಅವರಿಗೆ ಬೇಕಾಗಿದ್ದದ್ದು ಒಂದು ಶಂಖದ ಸದ್ದು. ನಾವು ಇಂಡಿಯನ್ನರು ಎಂಬ ಕಾರಣಕ್ಕೆ ನಮ್ಮ ನೆರೆಯವರು ಅದನ್ನು ಗೇಟಿನ ಹೊರಗೆ ನಿಲ್ಲಿಸಿದರು. ಪಕ್ಕದ ಮನೆಯ ಜಾಗಟೆಗೆ ಅಡ್ಡಿ ಇರಲಿಲ್ಲ. ನೀವು ಪ್ರತಿದಿನ ನನ್ನ ದನಿ ಕೇಳುತ್ತೀರಿ. ನನ್ನ ಅಜ್ಜಿಯ ಶಂಖವನ್ನು ಕೇಳಲು ನಿಮಗೆ ಏನು ಕಷ್ಟ?"

ತವಮಣಿ ಸೌಟು ಹಿಡಿದು ನಿಂತೇ ಇದ್ದಳು. ಗುಣಸೀಲನ್ ಶೂ ಕಟ್ಟುತ್ತಿದ್ದವನು ಒಂದು ಕಾಲಿಗೆ ಹಾಕಿಕೊಂಡು ಇನ್ನೊಂದನ್ನು ಮರೆತ.

"ಮುಗೀತು" ಎಂದ. "ಎಲ್ಲಾ ಮುಗೀತು."

ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಮಾತು. ಕೆಲವರು ಅವಳನ್ನು ವೀರವನಿತೆ ಎಂದರು. ಕೆಲವರು, ಇಂಡಿಯನ್ನರನ್ನು ಹೀಯಾಳಿಸುವ ಮಾತು ಹಾಕಿ, ಕೆಲಿಂಗ್ ಮುಂಡೆ ಎಂದು ಬರೆದರು, ಇಷ್ಟು ದಿನ ಹೆಸರು ಮುಚ್ಚಿಟ್ಟುಕೊಂಡು ಮೋಸ ಮಾಡಿದಳು ಎಂದರು. ಒಬ್ಬ ಸಿನಿಮಾ ನಟ ಕೈಮುಗಿದ ಚಿತ್ರ ಹಾಕಿದನಂತೆ, ಎರಡು ಗಂಟೆಯಲ್ಲಿ ತೆಗೆದನಂತೆ. ರೇಡಿಯೋದವರು ಅವಳನ್ನು ಕರೆದು ಚಹಾ ಕೊಟ್ಟು, ಇಂಥದ್ದನ್ನು ಮೊದಲು ತಮಗೆ ತೋರಿಸಬೇಕಿತ್ತು ಎಂದರಂತೆ. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ತುರಿಯುವವಳು ತವಮಣಿಯ ಕೈಹಿಡಿದು, "ನಿಮ್ಮ ಮಗಳು ಚಿನ್ನ" ಎಂದು ಅರ್ಧ ಹೋಳು ಹೆಚ್ಚಿಗೆ ಹಾಕಿದಳು. ನಮ್ಮ ಬೀದಿಯಲ್ಲಿ ಯಾರೂ ಏನೂ ಕಳಿಸಲಿಲ್ಲ. ರೊಹಾಯಾ ಬಟ್ಟೆ ಒಣಹಾಕಲು ಬಂದವಳು ನಮ್ಮನ್ನು ನೋಡಿ ಒಳಗೆ ಹೋದಳು.

ಮಾರನೆಯ ಸಂಜೆ ಖೂ ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮೃದುಮಾತಿನವರು. ಕೈಯಲ್ಲಿ ಒಂದು ಚೀಲ ಕಿತ್ತಳೆ ಇತ್ತು. ದೀಪದ ಮುಂದೆ ತಲೆಬಾಗಿ ನನ್ನ ಪಕ್ಕದಲ್ಲಿ ಕೂತರು. ಗುಣಸೀಲನ್ ಹೊರಗೆ ಕಾರು ತೊಳೆಯುತ್ತಿದ್ದ. ಆ ಕಾರನ್ನು ಬೆಳಿಗ್ಗೆಯೂ ತೊಳೆದಿದ್ದ.

"ಅಂಕಲ್, ನಿಮ್ಮ ಮೊಮ್ಮಗಳು ಇಡೀ ದೇಶಕ್ಕೆ ನಮ್ಮನ್ನ ಕೆಟ್ಟೋರು ಅಂದಳು" ಎಂದರು. "ನನ್ನ ಮಗ ಸಿಂಗಾಪುರದಿಂದ ಫೋನ್ ಮಾಡಿ ಬಯ್ದ. ಬೇಜಾರಾಯ್ತು."

"ನನಗೂ ಬೇಜಾರಾಗಿದೆ ಅಂಕಲ್" ಎಂದಳು ಯಾಳಿನಿ, ಮೆಟ್ಟಿಲ ಮೇಲೆ ನಿಂತು. "ನೀವು ಆ ನಿಯಮ ಯಾಕೆ ಮಾಡಿದ್ರಿ?"

"ಕೇಳು ಮಗಳೇ. ಮೂಲೆಮನೆ ಲಾರಿಯವನ ತಂದೆ ಹೋದಾಗ ರಾತ್ರಿಯೆಲ್ಲ ತಮಟೆ. ದೂರು ಬಂತು. ಸಭೇಲಿ ನಾನು ಹೇಳಿದ್ದು ಏನು ಗೊತ್ತಾ? ಯಾವ ಸಾವಿನ ಮನೇಲೂ ಜೋರು ಸದ್ದು ಬೇಡ, ನಮ್ಮ ಜಾಗಟೆನೂ ಸೇರಿಸಿ. ಆದ್ರೆ ಗುಣ ಬೇಡ ಅಂದ."

"ಯಾವ ಗುಣ?"

"ನಿಮ್ಮಪ್ಪ. 'ನಿಮ್ಮಿಂದ ಏನೂ ತೊಂದರೆ ಇಲ್ಲ ಮಿಸ್ಟರ್ ಖೂ, ನಮ್ಮ ಜನಕ್ಕೇ ಮಿತಿ ಗೊತ್ತಿಲ್ಲ. ತಮಟೆ, ಶಂಖ ಅಂತ ಬಿಡಿಸಿ ಬರೀರಿ, ಇಲ್ದಿದ್ರೆ ಇವರಿಗೆ ಅರ್ಥ ಆಗಲ್ಲ' ಅಂದ. ಬರೆದುಕೊಟ್ಟೋನೂ ಅವನೇ."

ಹೊರಗೆ ನೀರಿನ ಪೈಪಿನ ಸದ್ದು ನಿಂತಿತು.

ಯಾಳಿನಿ ಮೆಟ್ಟಿಲ ಕಟಕಟೆ ಹಿಡಿದುಕೊಂಡಳು. "ಆಯ್ತು. ಅಪ್ಪ ಹೇಳಿದ್ರು. ನೀವೆಲ್ಲ ಒಪ್ಪಿದ್ರಲ್ಲ?"

"ಒಪ್ಪಿದ್ವಿ. ನಮಗೆ ಸುಲಭ ಆಯ್ತು. ಇಂಡಿಯನ್ನೇ ಹೇಳಿದ ಮೇಲೆ ನಮ್ಮನ್ನ ಯಾರು ಕೇಳ್ತಾರೆ?" ಎಂದರು ಖೂ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ಕಿತ್ತಳೆ ಚೀಲವನ್ನು ನನ್ನ ಕಡೆ ಸರಿಸಿದರು. ತವಮಣಿ ತಂದಿಟ್ಟ ಕಾಫಿ ಕುಡಿದು ಎದ್ದು ಹೋದರು.

ಮಗ ಒಳಗೆ ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು.

"ನೀವೇ ಬರೆದಿದ್ದಾ ಅಪ್ಪ?"

"ಕೈಗವಸು ಕಾರ್ಖಾನೇಲಿ ಇಪ್ಪತ್ತು ವರ್ಷ ಸೂಪರ್‌ವೈಸರ್ ನಾನು" ಎಂದ. ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. "ಯಾವನಾದ್ರೂ ಇಂಡಿಯನ್ ಕುಡಿದು ಬಂದ್ರೆ ಎಲ್ರೂ ನನ್ನ ಮುಖ ನೋಡ್ತಾರೆ. ಎಲ್ಲೋ ಕಳ್ಳತನ ಆದ್ರೆ ನನ್ನ ಮುಖ ನೋಡ್ತಾರೆ. ನಾವು ಹಾಗಲ್ಲ, ನಾವು ಬೇರೆ ಅಂತ ದಿನಾ ಬೆಳಿಗ್ಗೆ ಎದ್ದು ತೋರಿಸ್ಬೇಕು. ನಿನಗೇನು ಗೊತ್ತು? ನೀನು ಹೆಸರು ಬದಲಾಯಿಸ್ಕೊಂಡು ಕೂತಿದ್ದೀಯ."

"ನಾನು ಹೆಸರು ಬದಲಾಯಿಸ್ಕೊಂಡೆ. ನೀವು ಅಜ್ಜಿನ ಬಾಯಿ ಮುಚ್ಚಿಸಿ ಕಳಿಸಿದ್ರಿ."

ತವಮಣಿ ಕಿತ್ತಳೆ ಚೀಲವನ್ನು ಮೇಜಿನ ಮೇಲೆ ಸುರಿದಳು. "ಅತ್ತೆಗೆ ಗೊತ್ತಿತ್ತು" ಎಂದಳು. "ಆ ಸಭೆ ಆದ್ಮೇಲೆ ಲಾರಿಯವರ ಮನೆಗೆ ಹೋಗಿ ಬಂದು ಇವರ ಜೊತೆ ಒಂದು ವಾರ ಮಾತಾಡ್ಲಿಲ್ಲ. ತಟ್ಟೆ ಇಟ್ಟು ಮುಖ ತಿರುಗಿಸ್ಕೊಂಡು ಹೋಗ್ತಿದ್ರು. ಯಾಕತ್ತೆ ಅಂದ್ರೆ, 'ನಿನ್ನ ಗಂಡನ್ನ ಕೇಳು' ಅಂದ್ರು. ಕೇಳಿದ್ರೆ ಇವರು, 'ಅಮ್ಮನಿಗೆ ವಯಸ್ಸಾಯ್ತು' ಅಂದ್ರು."

ಆ ವಾರ ನನಗೂ ನೆನಪಿದೆ. ಉಪ್ಪು ಜಾಸ್ತಿ ಎಂದದ್ದಕ್ಕೆ ಕೋಪ ಎಂದುಕೊಂಡಿದ್ದೆ.

"ಗುಣ" ಎಂದೆ. "ನಿಯಮ ಯಾರಾದ್ರೂ ಬರೀಲಿ. ನಿಮ್ಮಮ್ಮನಿಗೆ ಹದಿನಾರನೇ ದಿನ ಈ ಬಾಗಿಲಲ್ಲಿ ಶಂಖ ಊದಬೇಕು. ಲೆಚುಮನನ್ ಊದಬೇಕು. ನೀನು ಹೋಗಿ ಕರೀಬೇಕು."

"ದೇವಸ್ಥಾನದ ಹಾಲ್ ಬಾಡಿಗೆಗೆ ತಗೊಳ್ಳೋಣ ಅಪ್ಪ. ಅಲ್ಲಿ ಎಷ್ಟು ಬೇಕಾದ್ರೂ ಊದ್ಲಿ."

"ಅವಳು ಹಾಲಿಂದ ಹೋಗ್ಲಿಲ್ಲ. ಈ ಮನೆಯಿಂದ ಹೋದ್ಲು."

ಅಂದು ನಾನು ಊಟಕ್ಕೆ ಕೂರಲಿಲ್ಲ. ಮರುದಿನವೂ ಕೂರಲಿಲ್ಲ. ಹಟ ಎಂದು ಮಗ ಅಂದ. ಆ ಹಟ ಪಾಕ್ಯಂಳಿಂದ ಕಲಿತದ್ದು. ಶನಿವಾರ ಅವನೇ ಕಾರಿನ ಬೀಗದಕೈ ತೆಗೆದುಕೊಂಡು, "ಹತ್ತಿ ಅಪ್ಪ" ಎಂದ.

ಮೂಲೆಮನೆಯ ಮಾಲೀಕ ಆ ದೂರಿನ ಮೇಲೆ ಲೆಚುಮನನ್‌ನನ್ನು ಬಿಡಿಸಿದ್ದ. ಈಗ ಅವರು ಇರುವುದು ರಬ್ಬರ್ ಕಾರ್ಖಾನೆಯ ಹಿಂದಿನ ಹಳೆಯ ವಸತಿ ಕಟ್ಟಡದಲ್ಲಿ, ಮೇಲಿನ ಅಂತಸ್ತಿನಲ್ಲಿ. ಲಿಫ್ಟ್ ಕೆಟ್ಟಿತ್ತು. ನಾನು ಮೂರು ಕಡೆ ಕೂತು ಉಸಿರು ತೆಗೆದುಕೊಂಡೆ. ಬಾಗಿಲು ತೆಗೆದವಳು ಅವನ ಹೆಂಡತಿ ಸರಸು.

"ಬನ್ನಿ ತಾತ, ಬನ್ನಿ" ಎಂದು ನನ್ನ ಕೈಹಿಡಿದು ಕೂರಿಸಿದಳು. ಆಮೇಲೆ ಗುಣಸೀಲನ್‌ನನ್ನು ನೋಡಿ, "ಬನ್ನಿ ಸಾರ್. ನಮ್ಮಲ್ಲಿ ಗೇಟಿಲ್ಲ, ಹಾಗೇ ಬರಬಹುದು" ಎಂದಳು.

ಲೆಚುಮನನ್ ಊಟ ಮಾಡುತ್ತಿದ್ದ. ಎದ್ದೇಳಲಿಲ್ಲ. "ಸರಸು, ತಾತನಿಗೆ ಮೈಲೋ ಮಾಡು. ಹಾಲು ಜಾಸ್ತಿ" ಎಂದ. ಕಪಾಟಿನ ಮೇಲೆ ಚಕ್ಕುಲಿಯ ಡಬ್ಬವೊಂದಿತ್ತು. ಅದು ನಮ್ಮ ಮನೆಯದು. ತಿಂಗಳಿಗೊಮ್ಮೆ ದೇವಸ್ಥಾನಕ್ಕೆಂದು ಹೊರಡುತ್ತಿದ್ದ ಪಾಕ್ಯಂ ಎಲ್ಲಿಗೆ ಹೋಗುತ್ತಿದ್ದಳು ಎಂದು ನನಗೆ ಆಗ ತಿಳಿಯಿತು.

ಗುಣಸೀಲನ್ ಬಾಗಿಲ ಹತ್ತಿರವೇ ನಿಂತು ಮಾತು ತೆಗೆದ. "ಲೆಚುಮನನ್, ನನ್ನಿಂದ ತಪ್ಪಾಯ್ತು. ಸಾರಿ. ಗುರುವಾರ ಅಮ್ಮನ ಹದಿನಾರನೇ ದಿನ. ನೀನು ಬಂದು ಶಂಖ ಊದಬೇಕು."

ಅವನು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೆ ಸಾರ್. ನಮ್ಮಪ್ಪನ್ನ ಎತ್ತುವಾಗ ತಮಟೆ ಮೇಲೆ ಬಟ್ಟೆ ಹೊದಿಸಿ ಅಂದ್ರು ನಿಮ್ಮ ಸಮಿತಿಯೋರು. ರಾತ್ರಿಯೆಲ್ಲ ಬಾರ್ಸಿದ್ದು ತಪ್ಪೇ, ಒಪ್ತೀನಿ. ಹೇಳಿದ್ರೆ ನಿಲ್ಲಿಸ್ತಿದ್ವಿ. ಅವತ್ತು ನಿಮ್ಮ ಬೀದೀಲಿ ನನ್ನ ಹೆಂಡ್ತಿ ಪಕ್ಕ ನಿಂತೋರು ಅವರೊಬ್ರೇ. 'ನನಗೆ ನೀನೇ ಊದಬೇಕು ಕಣೋ' ಅಂದಿದ್ರು. ಅದಕ್ಕೇ ಯಾರೂ ಕರೀದೆ ಬಂದೆ. ಗೇಟಲ್ಲಿ ನಿಂತೆ. ಇನ್ನೊಂದ್ಸಲ ಬಂದು ನಿಲ್ಲಲ್ಲ."

"ನಾನು ಸಾರಿ ಅಂದೆನಲ್ಲಪ್ಪ."

"ಯಾರಿಗೆ ಕೇಳಿಸ್ತು ಸಾರ್? ಅಲ್ಲಿ ಹತ್ತು ಜನದ ಮುಂದೆ 'ಇವರಿಗೆ ಮಿತಿ ಗೊತ್ತಿಲ್ಲ' ಅಂದ್ರಿ. ಇಲ್ಲಿ ನನ್ನ ಅಡುಗೆಮನೇಲಿ ಗುಟ್ಟಾಗಿ ಸಾರಿ ಅಂತೀರ. ಎಲ್ಲಿ ಅಂದ್ರೋ ಅಲ್ಲೇ ಹೇಳಿ. ಆಮೇಲೆ ಬರ್ತೀನಿ."

"ಸಭೇಲಿ ಹೇಳೋದು ಅಷ್ಟು ಸುಲಭ ಅಲ್ಲ."

"ಬಯ್ಯೋದು ಸುಲಭ ಇತ್ತಲ್ಲ?" ಎಂದಳು ಸರಸು, ಮೈಲೋ ಲೋಟ ನನ್ನ ಕೈಗೆ ಕೊಡುತ್ತ.

ಭಾನುವಾರ ಸಭೆ. ಕಾವಲು ಕೋಣೆಯ ಪಕ್ಕದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ನಾನೂ ಯಾಳಿನಿಯೂ ಹಿಂದೆ ಕೂತೆವು. ಅವಳನ್ನು ನೋಡಿ ಜನ ಪಿಸುಗುಟ್ಟಿದರು. ಮೊದಲು ನಾಯಿಗಳು ರಸ್ತೆಯಲ್ಲಿ ಹೇಲುವ ವಿಷಯ ಬಂತು. ಅದರ ಮೇಲೆ ಮುಗಿಯದ ಚರ್ಚೆ. ಯಾರ ನಾಯಿ, ಯಾವ ಬೀದಿಯ ನಾಯಿ, ನಾಯಿಗೆ ಚೀಲ ಕಟ್ಟಬೇಕೋ ಮಾಲೀಕನಿಗೆ ಕಟ್ಟಬೇಕೋ. ಆಮೇಲೆ ಕಾರು ನಿಲ್ಲಿಸುವ ವಿಷಯ. ಆಮೇಲೆ ಕ್ಯಾಮೆರಾ. ನನ್ನ ಹೆಂಡತಿಯ ಶಂಖ ನಾಯಿಯ ಹೇಲಿನ ಹಿಂದೆ, ಕ್ಯಾಮೆರಾದ ಹಿಂದೆ, 'ಇತರ ವಿಷಯ'ಗಳಲ್ಲಿ ಕಾದು ಕೂತಿತ್ತು.

ಕೊನೆಗೆ ಗುಣಸೀಲನ್ ಎದ್ದ. ಇಂಗ್ಲಿಷಿನಲ್ಲಿ ಶುರುಮಾಡಿ, ನಡುವೆ ಮಲಯಕ್ಕೆ ಬಂದು, ಎರಡರಲ್ಲೂ ತಡವರಿಸಿದ.

"ತಮಟೆ, ಶಂಖ ಅಂತ ಬರೆದೋನು ನಾನು. ನಮ್ಮ ಜನಕ್ಕೆ ಮಿತಿ ಗೊತ್ತಿಲ್ಲ ಅಂದೋನೂ ನಾನು. ನೀವೆಲ್ಲ ನನ್ನನ್ನ ಒಳ್ಳೆ ಇಂಡಿಯನ್ ಅಂದ್ಕೊಳ್ಳಿ ಅಂತ ಹೇಳಿದೆ. ತಪ್ಪು ಹೇಳಿದೆ. ಲೆಚುಮನನ್ ಮನೆಯೋರು ಇದರಿಂದ ಮನೆ ಬಿಟ್ರು. ನಮ್ಮಮ್ಮ... ನಮ್ಮಮ್ಮ ಸದ್ದಿಲ್ಲದೆ ಹೋದ್ರು. ಆ ಸಾಲು ತೆಗೀಬೇಕು. ನೀವೂ ಸಹಿ ಹಾಕಿದ್ರಿ. ನಿಮಗೂ ಅದರಲ್ಲಿ ಪಾಲಿದೆ."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ನಾವು ಯಾರೂ ಜನಾಂಗಭೇದ ಮಾಡೋರಲ್ಲ ಗುಣ. ದೀಪಾವಳಿಗೆ ನಿಮ್ಮ ಮನೇಲಿ ಊಟ ಮಾಡಲ್ವಾ?" ಎಂದರು ಕಾರ್ಯದರ್ಶಿ ಝೈದಿ.

"ಊಟ ಮಾಡಿದ್ರಿ, ಸಹಿನೂ ಮಾಡಿದ್ರಿ" ಎಂದ ಮಗ.

"ಸುಮ್ನಿರಿ ಗುಣ" ಎಂದು ಎದ್ದವಳು ಡಾಕ್ಟರ್ ಪಿಳ್ಳೈ ಅವರ ಹೆಂಡತಿ, ನಮ್ಮವಳೇ. "ನಾಲ್ಕು ಜನದ ಮುಂದೆ ನಮ್ಮ ಮರ್ಯಾದೆ ಯಾಕೆ ತೆಗೀತೀರ? ಮೊದಲು ನಿಮ್ಮ ಮಗಳು, ಈಗ ನೀವು."

ಖೂ ಪೆನ್ನಿನಿಂದ ಮೇಜು ತಟ್ಟಿದರು. ಈ ವಿಷಯಕ್ಕೆ ಒಂದು ಉಪಸಮಿತಿ ಮಾಡೋಣ, ಮುಂದಿನ ತಿಂಗಳು ವರದಿ ಬರಲಿ ಎಂದರು. ಎಲ್ಲರಿಗೂ ನೆಮ್ಮದಿಯಾಯಿತು.

"ನಮ್ಮಮ್ಮನ ದಿನ ಗುರುವಾರ" ಎಂದ ಗುಣಸೀಲನ್.

"ಅಲ್ಲೀವರೆಗೆ ಇರೋ ನಿಯಮನೇ ನಿಯಮ. ಏನ್ಮಾಡೋಕಾಗುತ್ತೆ?" ಎಂದರು ಖೂ.

"ಹಾಗಾದ್ರೆ ದಂಡ ಹಾಕಿ." ಸೂಚನಾ ಫಲಕದ ಬೀಗದಕೈ ಅವನ ಹತ್ತಿರ ಇತ್ತು. ಅದನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟು ಹೊರಗೆ ಬಂದ.

ಆ ಸಂಜೆ ದೋಸೆ ತಿನ್ನುವಾಗ ಯಾಳಿನಿ ಕೇಳಿದಳು. "ಅಪ್ಪ, ನಾನು ರೇಡಿಯೋಲಿ ಹೇಳಿದ್ದು ಅರ್ಧ. ಇನ್ನರ್ಧ ಹೇಳ್ಬೇಕು. ಹೇಳ್ಲಾ?"

"ಒಂದ್ಸಲ ಹೇಳಿದ್ದು ಸಾಲದಾ?" ಎಂದಳು ತವಮಣಿ. "ಈಪೋದಿಂದ ದೊಡ್ಡತ್ತೆ ಫೋನ್ ಮಾಡಿ ಬಯ್ದು ಇನ್ನೂ ಬಿಸಿ ಆರಿಲ್ಲ."

ಗುಣಸೀಲನ್ ಚಟ್ನಿ ಹಾಕಿಕೊಂಡ. "ಹೇಳು" ಎಂದ. "ನನ್ನ ಹೆಸರು ಹೇಳ್ಬೇಡ." ಸ್ವಲ್ಪ ಹೊತ್ತಿನ ಮೇಲೆ, "ಹೇಳಿದ್ರೂ ಹೇಳು" ಎಂದ.

ಅವಳು ಹೇಳಲಿಲ್ಲ, ಹೆಸರನ್ನು. ಮಂಗಳವಾರ ಬೆಳಿಗ್ಗೆ, ಕಾರ್ಯಕ್ರಮ ಶುರುವಾಗುತ್ತಲೇ, "ನಾನು ಯಾಳಿನಿ. ನೀವು ಲೀನಾ ಎಂದು ಕರೆಯುತ್ತಿದ್ದವಳು" ಎಂದಳು. "ಹೋದ ಸಲ ನಾನು ಅರ್ಧ ಸತ್ಯ ಹೇಳಿದೆ. ಆ ನಿಯಮವನ್ನು ಬರೆದದ್ದು ನಮ್ಮ ಮನೆಯವರೇ. ಬೇರೆಯವರು ನಮ್ಮನ್ನು ಕೀಳಾಗಿ ನೋಡುತ್ತಾರೆಂದು ಹೆದರಿ, ನಾವೇ ನಮ್ಮವರನ್ನು ಮೊದಲು ಕೀಳಾಗಿ ನೋಡಿದೆವು. ಉಳಿದವರು ಸಂತೋಷದಿಂದ ಸಹಿ ಹಾಕಿದರು. ಎರಡೂ ನಿಜ. ಈಗ, ಸುಂಗೈ ಬೆಸಿ ಕಡೆಗೆ ಹೋಗುವವರು ಬಲಗಡೆ ಇರಿ, ಒಂದು ಲಾರಿ ಕೆಟ್ಟು ನಿಂತಿದೆ."

ಅಂದೇ ಅವಳನ್ನು ಬೆಳಗಿನ ಕಾರ್ಯಕ್ರಮದಿಂದ ತೆಗೆದು ವಾರಾಂತ್ಯಕ್ಕೆ ಹಾಕಿದರು. ಬೇಕಿದ್ದರೆ ಐಕ್ಯದ ಮೇಲೆ ಒಂದು ಜಾಹೀರಾತು ಮಾಡು, ಎಲ್ಲ ಜನಾಂಗದವರೂ ಕೈಕೈ ಹಿಡಿದು ನಗಬೇಕು ಎಂದರಂತೆ. ಬರೀ ದನಿಯವಳನ್ನು ಮುಖ ತೋರಿಸು ಎಂದು ಕರೆದದ್ದು ಅದೇ ಮೊದಲು. ಅವಳು ಒಲ್ಲೆ ಎಂದಳು. ಮೊದಲ ಸಲ ಹೊಗಳಿದವರಲ್ಲಿ ಅರ್ಧ ಜನ ಈ ಸಲ ಬಯ್ದರು. ಸ್ವಂತ ಮನೆಯ ಮಾನ ಬೀದಿಗೆ ಹಾಕಿದಳು ಎಂದು ನಮ್ಮವರು, ನೋಡಿ ಇವರೇ ಒಪ್ಪಿಕೊಂಡರು ಎಂದು ಮಿಕ್ಕವರು. ಯಾವ ಮಾತು ಆಡಿದರೂ ಯಾರಿಗೋ ಬೇಕಾದ ಹಾಗೆ ತಿರುಗುತ್ತದೆ. ಹಾಗೆಂದು ಆಡದೆ ಇರುವುದೇ? ಸುಮ್ಮನಿದ್ದು ಏನು ಕಂಡೆವು ಎಂದು ನಮಗೆ ಗೊತ್ತಿದೆ.

ಗುರುವಾರ ಪುರೋಹಿತರು ಬಂದರು. ಪಾಕ್ಯಂಗೆ ಇಷ್ಟವಾದದ್ದನ್ನೆಲ್ಲ ತವಮಣಿ ಮಾಡಿದಳು: ಉದ್ದಿನವಡೆ, ಬಾಳೆಕಾಯಿ ಪಲ್ಯ, ಸಕ್ಕರೆ ಜಾಸ್ತಿ ಹಾಕಿದ ಕಾಫಿ. "ಇಷ್ಟು ಸಕ್ಕರೆ ಬೇಡ ಅಂತ ಬಯ್ತಿದ್ದೆ. ಇವತ್ತು ಕುಡೀಲಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಶಾಮಿಯಾನಕ್ಕೆ ಒಪ್ಪಿಗೆ ಸಿಗಲಿಲ್ಲ. ನೆಂಟರು ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬರ ಮೇಲೊಬ್ಬರು ಕೂತರು.

ಗೇಟಿನಿಂದ ತಿಲಕ್ ಫೋನ್ ಮಾಡಿದ. "ಸಾರ್, ಶಂಖದವರು ಬಂದಿದ್ದಾರೆ. ನಾನು ಬಿಟ್ರೆ ನನ್ನ ಕೆಲಸ ಹೋಗುತ್ತೆ ಸಾರ್."

ಗುಣಸೀಲನ್ ಒದ್ದೆ ಪಂಚೆಯಲ್ಲೇ ಓಡಿದ. ನಾನು ಹಿಂದೆ ಹಿಂದೆ ಹೋದೆ. ಅವನು ಗೇಟಿಗೆ ಹೋಗಿ, "ತಿಲಕ್, ನೀನು ಒಳಗೆ ಹೋಗಿ ನೀರು ಕುಡಿ" ಎಂದ. ತಿಲಕ್ ಹೋದ. ಮಗ ಆ ಕೆಂಪು ಬಿಳಿ ಅಡ್ಡಗಂಬವನ್ನು ತನ್ನ ಕೈಯಿಂದಲೇ ಎತ್ತಿ ಹಿಡಿದುಕೊಂಡು ನಿಂತ. ಲೆಚುಮನನ್ ಬಟ್ಟೆ ಸುತ್ತಿದ ಶಂಖ ಹಿಡಿದು, ಸರಸುವಿನ ಜೊತೆ ಅದರ ಕೆಳಗೆ ನಡೆದು ಬಂದ.

"ಸಭೇಲಿ ಹೇಳಿದ್ರಂತೆ ಸಾರ್" ಎಂದ.

"ಹೇಳಿದೆ. ಯಾರೂ ಒಪ್ಪಲಿಲ್ಲ."

"ಒಪ್ಪೋದು ಅವರ ಕೆಲಸ. ಬನ್ನಿ, ಕಂಬ ಬಿಡಿ, ತಲೆ ಮೇಲೆ ಬೀಳುತ್ತೆ."

ಹೊಸ್ತಿಲ ಹತ್ತಿರ, ಪಾಕ್ಯಂ ಸದ್ದಿಲ್ಲದೆ ದಾಟಿದ ಜಾಗದಲ್ಲಿ ನಿಂತು ಅವನು ಶಂಖ ಊದಿದ. ಮೊದಲನೆಯದು ಸ್ವಲ್ಪ ಒಡೆದು ಬಂತು. ಎರಡನೆಯದು ಬೀದಿಯುದ್ದಕ್ಕೂ ಹೋಯಿತು. ಮೂರನೆಯದು ಎಷ್ಟು ಉದ್ದವಿತ್ತೆಂದರೆ ರೊಹಾಯಾ ಒಗೆದ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ಡಾಕ್ಟರ್ ಪಿಳ್ಳೈ ಅವರ ಮನೆಯ ಕಿಟಕಿ ಮುಚ್ಚಿತು. ಖೂ ಚಡ್ಡಿ, ಬನಿಯನ್ನಿನಲ್ಲಿ ತಮ್ಮ ಗೇಟಿಗೆ ಬಂದು ನಿಂತರು.

"ಅಷ್ಟೇನಾ?" ಎಂದು ಕೂಗಿ ಕೇಳಿದರು.

"ಅಷ್ಟೇ" ಎಂದ ಗುಣಸೀಲನ್.

"ಇಷ್ಟಕ್ಕಾ!" ಎಂದು ತಲೆ ಅಲ್ಲಾಡಿಸಿ ಒಳಗೆ ಹೋದರು. ಅದನ್ನು ಯಾರಿಗೆ ಹೇಳಿದರೋ ತಿಳಿಯದು. ಮರುದಿನ ದಂಡದ ಪತ್ರ ಬಂತು. ಕೆಳಗೆ ಅವರದೇ ಸಹಿ. ತವಮಣಿ ಅದನ್ನು ಫ್ರಿಜ್ಜಿನ ಬಾಗಿಲಿಗೆ, ಹಾಲಿನ ಬಿಲ್ಲಿನ ಪಕ್ಕಕ್ಕೆ ಅಂಟಿಸಿದಳು.

ಶಂಖ ಊದಿದ ಮೇಲೆ ಲೆಚುಮನನ್‌ಗೆ, ಸರಸುಗೆ ಮೊದಲ ಎಲೆ ಹಾಕಿದೆವು. ಗುಣಸೀಲನ್ ಬಡಿಸಿದ. ಸರಸು, "ಸಾರ್, ವಡೆ ಎರಡು ಹಾಕಿ, ಮಿತಿ ನಮಗೆ ಗೊತ್ತಿಲ್ಲ" ಎಂದಳು. ಮಗ ಮೂರು ಹಾಕಿದ. ಯಾರೋ ನಕ್ಕರು. ಅವಳು ನಗಲಿಲ್ಲ, ಆದರೆ ಮೂರನ್ನೂ ತಿಂದಳು.

ಎಲ್ಲರೂ ಹೋದ ಮೇಲೆ ನಾನು ದೀಪದ ಮುಂದೆ ಕೂತೆ. ಇನ್ನು ಅದು ಆರಬಹುದು.

ಈಶ್ವರಾ, ಪಾಕ್ಯಂ ನಿನ್ನ ಹತ್ತಿರ ಬಂದಿದ್ದಾಳೆ. ಸುಮ್ಮನಿರುವ ಹೆಂಗಸಲ್ಲ ಅವಳು. ಅಲ್ಲಿಯೂ ಯಾರಿಗಾದರೂ ಅನ್ಯಾಯ ಕಂಡರೆ ನಿನ್ನನ್ನೇ ಕೇಳುತ್ತಾಳೆ. ಬೇಸರ ಮಾಡಿಕೊಳ್ಳದೆ ಉತ್ತರ ಹೇಳು. ಕಾಫಿಗೆ ಸಕ್ಕರೆ ಬೇಡ ಎನ್ನಬೇಡ. ತಡವಾಗಿ ಬಂದ ಶಂಖದ ಸದ್ದು ಅವಳ ಕಿವಿಗೆ ಬಿದ್ದಿರಲಿ. ನಿನ್ನ ಊರಿಗೆ ಗೇಟು ಇದ್ದರೆ ಅವಳಿಗಾಗಿ ಅದನ್ನು ಎತ್ತಿಡು, ಅವಳ ಹಿಂದೆ ಬರುವವರಿಗೂ ಹಾಗೇ ಬಿಟ್ಟಿರು. ಅವಳ ಆತ್ಮಕ್ಕೆ ಶಾಂತಿ ಕೊಡು ತಂದೆ. ಶಾಂತಿ ಕೊಡು.